ಬೆಳದಿಂಗಳು ತೋರಿಸಿದ ಮುಖ

ಕತ್ತಲೆಯಲ್ಲೂ ಮನುಷ್ಯನ ಮುಖ ಕಾಣುವಂತಾದರೆ ಅರ್ಧ ಕಳ್ಳತನ ತಾನಾಗಿ ನಿಂತುಹೋಗುತ್ತದೆ ಎಂದು ವೈಜಯಂತಿ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಅವಳೂ ಅವಳ ಜೊತೆಯವರೂ ಮೈಸೂರಿನ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು 'ಬೆಳದಿಂಗಳು' ಎಂಬ ಕ್ಯಾಮೆರಾ ಮಾಡಿದ್ದರು.

ಹಳೆಯ ಕ್ಯಾಮೆರಾಗಳು ರಾತ್ರಿ ಹೊತ್ತು ಬೂದು ಬಣ್ಣದ ಗೊಂಬೆಗಳನ್ನು ತೋರಿಸುತ್ತಿದ್ದವು. ಕಾರಿನ ಗಾಜು ಒಡೆಯುವವನ ಟೋಪಿ ಕಾಣುತ್ತಿತ್ತು, ಚಪ್ಪಲಿ ಕಾಣುತ್ತಿತ್ತು, ಮುಖ ಮಾತ್ರ ಹಿಟ್ಟು ಮೆತ್ತಿದ ಹಾಗೆ. ಬೆಳದಿಂಗಳು ಹಾಗಲ್ಲ. ಅದು ಸಿಕ್ಕಷ್ಟು ಚೂರುಪಾರು ಬೆಳಕನ್ನು ಹಿಡಿದುಕೊಂಡು, ಉಳಿದದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತಿತ್ತು. ಗೋಡೆಗೆ ನೇತುಹಾಕಿದ ದಿನದಿಂದ ಅದು ತನ್ನೆದುರಿನ ಬೀದಿಯನ್ನು ಹಗಲೂ ರಾತ್ರಿ ನೋಡಿ ಕಲಿಯುತ್ತಿತ್ತು: ಕಾಂಪೌಂಡು ಎಲ್ಲಿ ಮುಗಿಯುತ್ತದೆ, ಮರದ ಕೊಂಬೆ ಎಷ್ಟು ಬಾಗುತ್ತದೆ, ಓಡಾಡುವವರ ಮೂಗು ಹೇಗಿದೆ, ಹುಬ್ಬು ಹೇಗಿದೆ. ಕರೆಂಟು ಹೋದಾಗ ನಾವು ಮನೆಯವರನ್ನು ಗುರುತು ಹಿಡಿಯುವುದೂ ಹೀಗೇ ಅಲ್ಲವೆ? ಕಣ್ಣಿಗೆ ಕಂಡದ್ದು ಸ್ವಲ್ಪ, ಮನಸ್ಸು ಸೇರಿಸಿದ್ದೇ ಹೆಚ್ಚು. ಬೆಳದಿಂಗಳಿಗೆ ಹಾಗೆ ಸೇರಿಸುವುದನ್ನು ಕಲಿಸಿದವಳು ವೈಜಯಂತಿ.

ಅವಳ ಮನೆಯಿದ್ದ ಸಂಪಿಗೆವನ ಬಡಾವಣೆಯಲ್ಲಿ ಕಾರಿನ ಗಾಜು ಒಡೆಯುವವರ ಕಾಟ ಶುರುವಾದಾಗ, ನಿವಾಸಿಗಳ ಸಂಘದ ಅಧ್ಯಕ್ಷ ಚಿಕ್ಕರಂಗೇಗೌಡರು ತಾವೇ ಅವಳ ಮನೆಗೆ ಬಂದರು. ಗೌಡರ ಮನೆ ಎದುರುಸಾಲಿನಲ್ಲೇ ಇತ್ತು.

"ಏನಮ್ಮಾ, ಊರಿಗೆಲ್ಲಾ ಕ್ಯಾಮೆರಾ ಮಾಡಿಕೊಡ್ತೀಯ, ನಿನ್ನ ಬೀದಿಯೋರು ಮಾತ್ರ ಬೆಳಗ್ಗೆ ಎದ್ದು ಗಾಜಿನ ಚೂರು ಗುಡಿಸ್ತಾ ಇರಬೇಕಾ?"

ತಿಂಗಳೊಳಗೆ ಬೀದಿಯ ಮನೆಮನೆಗೂ ಬೆಳದಿಂಗಳು ಬಂತು. ಜನ ಅದಕ್ಕೆ ಬೇಗ ಒಗ್ಗಿಕೊಂಡರು. ಬೆಳಗ್ಗೆ ಕಾಫಿ ಲೋಟದ ಜೊತೆ ಮೊಬೈಲು ಹಿಡಿದು ಹಿಂದಿನ ರಾತ್ರಿಯ ಬೀದಿಯನ್ನು ನೋಡುವುದು ಅಭ್ಯಾಸವಾಯಿತು. ಯಾರ ಮಗ ಎಷ್ಟು ಹೊತ್ತಿಗೆ ಬಂದ, ಯಾರ ಮನೆ ಮುಂದೆ ಯಾರ ಸ್ಕೂಟರು ನಿಂತಿತ್ತು ಎಂಬುದೆಲ್ಲ ತಿಳಿಯತೊಡಗಿತು. ಮನೆ ನಂಬರು ತಪ್ಪಿ ಎರಡು ಗೇಟು ತಟ್ಟಿದ ಪ್ಲಂಬರ್ ಒಬ್ಬನ ಫೋಟೊ 'ಯಾರಿವನು?' ಎಂಬ ಪ್ರಶ್ನೆಯೊಂದಿಗೆ ವಾಟ್ಸಾಪ್ ಗುಂಪಿನಲ್ಲಿ ಸಂಜೆಯವರೆಗೂ ಸುತ್ತಿತು. ಮನೆಗೆಲಸದ ಹೆಂಗಸರು ಆ ಬೀದಿಗೆ ಬಂದೊಡನೆ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ನಡೆಯತೊಡಗಿದರು. ಇದೆಲ್ಲ ಕಳ್ಳನೊಬ್ಬ ಸಿಗುವವರೆಗೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಒಂದು ಬೆಳಗ್ಗೆ ವೈಜಯಂತಿ ಪ್ರಯೋಗಾಲಯಕ್ಕೆ ಹೋದಾಗ, ನಿಯಂತ್ರಣ ಕೊಠಡಿಯಲ್ಲಿದ್ದ ಜೋಸ್ಲಿನ್ ಪಿಂಟೊ ಅವಳನ್ನು ಕೈಸನ್ನೆ ಮಾಡಿ ಕರೆದಳು. ಜೋಸ್ಲಿನ್ ಮಂಗಳೂರಿನವಳು, ಕುಳ್ಳಗಿನ ಸಪೂರ ಹೆಂಗಸು, ಮಾತು ನೇರ. ಎಲ್ಲ ಊರುಗಳ ಬೆಳದಿಂಗಳಿಂದ ಬರುವ ಚಿತ್ರಗಳು ಅವಳ ಕಣ್ಣೆದುರೇ ಹಾದುಹೋಗುತ್ತಿದ್ದವು.

"ನಿಮ್ಮ ಬೀದಿಯಲ್ಲಿ ನಿನ್ನೆ ರಾತ್ರಿ ಹಲ್ಲಿನ ಡಾಕ್ಟರ ಕಾರು ಒಡೆದಿದ್ದಾರೆ. ಗೌಡರ ಮನೆ ಕ್ಯಾಮೆರಾದಲ್ಲಿ ಚೆನ್ನಾಗಿ ಬಂದಿದೆ. ನೀವೇ ನೋಡಿ."

ಪರದೆಯ ಮೇಲೆ ಹೊಂಗೆ ಮರದ ಕೆಳಗೆ ಒಂದು ಕಾರು. ಟೋಪಿ ಹಾಕಿದವನೊಬ್ಬ ಅದರ ಪಕ್ಕ ಬಗ್ಗಿದ. ಕಿಟಕಿಯ ಗಾಜು ಒಮ್ಮೆಲೇ ಬೆಳ್ಳಗಾಗಿ ಉದುರಿತು. ಒಳಗಿಂದ ಒಂದು ಬ್ಯಾಗು ಎಳೆದುಕೊಂಡು ಅವನು ತಿರುಗಿದ. ದಪ್ಪ ಹುಬ್ಬು, ತುದಿಯಲ್ಲಿ ನರೆತ ಮೀಸೆ, ಗದ್ದದ ಎಡಭಾಗದಲ್ಲಿ ಒಂದು ಹಳೆಯ ಗಾಯದ ಗೆರೆ.

"ಇವರು ನಿಮ್ಮ ಅಣ್ಣ ಅಲ್ವಾ ಮಾರಾಯ್ರೆ?" ಜೋಸ್ಲಿನ್ ದನಿ ತಗ್ಗಿಸಿ ಕೇಳಿದಳು.

ವೈಜಯಂತಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಶ್ರೀಕಂಠ ಅವಳ ಸ್ವಂತ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ಅವಳ ಮನೆಯ ಮಹಡಿ ಕೋಣೆಗೆ ಬಂದು ಇದ್ದ. ರಿಂಗ್ ರಸ್ತೆಯ ಬದಿಯಲ್ಲಿ ಅವನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಕಾರುಗಳ ವೈರಿಂಗು, ಹಾರ್ನು, ಬಾಗಿಲ ಲಾಕು ಇವೇ ಅವನ ಕೆಲಸ. ಹಿಂದಿನ ವರ್ಷ ಎದೆ ನೋವು ಬಂದು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವನ ಊಟ, ಮಾತ್ರೆ, ನಿದ್ದೆ ಎಲ್ಲವೂ ತಂಗಿಯ ಆಡಳಿತಕ್ಕೆ ಬಂದಿದ್ದವು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಸಾರು ಬಡಿಸುತ್ತ, ಸುಮ್ಮನೆ ಕೇಳುವವಳಂತೆ ಕೇಳಿದಳು.

"ಅಣ್ಣಾ, ನಿನ್ನೆ ರಾತ್ರಿ ಎಲ್ಲಾದ್ರೂ ಹೊರಗಡೆ ಹೋಗಿದ್ಯಾ?"

"ನಾನಾ? ಇಲ್ವಲ್ಲ." ಶ್ರೀಕಂಠ ಅನ್ನ ಕಲಸುತ್ತಲೇ ಇದ್ದ. "ಮಾತ್ರೆ ನುಂಗಿ ಮಲಗಿದವನಿಗೆ ಬೆಳಗ್ಗೆ ಹಾಲಿನವನು ಕೂಗಿದಾಗಲೇ ಎಚ್ಚರ. ಯಾಕೆ?"

"ಏನಿಲ್ಲ."

ಆದರೆ ಮಹಡಿ ಮೆಟ್ಟಿಲಿನ ಕಬ್ಬಿಣದ ಗೇಟು ಕಿರುಗುಟ್ಟಿದ್ದನ್ನು ಅವಳು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದ್ದಳು. ಅಂದು ಮಾತ್ರವಲ್ಲ, ಹಿಂದೆಯೂ ಎಷ್ಟೋ ಸಲ ಕೇಳಿದ್ದಳು. ಅಣ್ಣ ತಟ್ಟೆಯಿಂದ ತಲೆಯೆತ್ತಿರಲಿಲ್ಲ. ಚಿಕ್ಕವನಿದ್ದಾಗಿನಿಂದಲೂ ಸುಳ್ಳು ಹೇಳುವಾಗ ಅವನು ಹೀಗೇ ಕೈಯಲ್ಲಿರುವ ಕೆಲಸ ನೋಡುತ್ತಿದ್ದ.

ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವಳ ಗಂಡ ಉದಯಶಂಕರ ಮೊಬೈಲು ಮುಂದೆ ಹಿಡಿದ. ಕಾಲೇಜಿನಲ್ಲಿ ಪಾಠ ಹೇಳುವ ಅವನು ಮನೆಯಲ್ಲಿ ದನಿಯೆತ್ತಿ ಮಾತಾಡಿದವನಲ್ಲ.

"ಗುಂಪಿಗೆ ಬಂದಿದೆ ನೋಡು. ಯಾರೂ ಹೆಸರು ಬರೆದಿಲ್ಲ. ಆದ್ರೆ ಎಲ್ಲರೂ ನೋಡಿದಾರೆ. ಭಾವನ್ನ ನಾನೂ ಅಂಥವರು ಅಂತ ಅಂದ್ಕೊಂಡಿಲ್ಲ ವೈಜು. ಆದ್ರೆ ಆ ಕ್ಯಾಮೆರಾ ತಪ್ಪು ತೋರಿಸಲ್ಲ ಅಂತ ನೀನೇ ಅಲ್ವಾ ಬೀದಿಯೋರಿಗೆಲ್ಲ ಹೇಳಿದ್ದು?"

ಹೌದು, ಅವಳೇ ಹೇಳಿದ್ದಳು. ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಸಹೋದ್ಯೋಗಿಗಳನ್ನೆಲ್ಲ ಮುಸುಕು ಹಾಕಿಸಿ ನಡೆಸಿದ್ದರು. ಬೆಳದಿಂಗಳು ಒಬ್ಬೊಬ್ಬರನ್ನೂ ಗುರುತು ಹಿಡಿದು ಮುಖ ಬರೆದಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಮರುದಿನ ಅವಳು ರಜೆ ಹಾಕಿದಳು. ಅಣ್ಣ ಅಂಗಡಿಗೆ ಹೋದ ಮೇಲೆ ಮಹಡಿ ಹತ್ತಿದಳು. ಕೋಣೆ ಗುಡಿಸುವ ನೆಪಕ್ಕೆ ಪೊರಕೆ ಹಿಡಿದಿದ್ದಳಾದರೂ ಅದನ್ನು ಬಾಗಿಲಿಗೇ ಒರಗಿಸಿ, ನೇರವಾಗಿ ಮಂಚದ ಕೆಳಗಿದ್ದ ಹತಾರದ ಚೀಲ ಎಳೆದಳು. ಸ್ಕ್ರೂಡ್ರೈವರು, ಟೆಸ್ಟರು, ವೈರಿನ ಸುರುಳಿ. ತಳದಲ್ಲಿ ಹೆಬ್ಬೆರಳು ದಪ್ಪದ ಒಂದು ಉಕ್ಕಿನ ಹತಾರ. ತುದಿಯನ್ನು ಗಾಜಿಗಿಟ್ಟು ಒತ್ತಿದರೆ ಒಳಗಿನ ಸ್ಪ್ರಿಂಗು ಸಿಡಿದು ಕಾರಿನ ಗಾಜು ಸದ್ದಿಲ್ಲದೆ ಪುಡಿಯಾಗುತ್ತದೆ. ಕೀಲಿ ಒಳಗೇ ಉಳಿದ ಕಾರು ತೆಗೆಯಲು, ಅಪಘಾತವಾದ ಗಾಡಿಯಿಂದ ಜನರನ್ನು ಎಳೆಯಲು ಇಂಥದ್ದು ಯಾವ ವರ್ಕ್‌ಶಾಪಿನಲ್ಲಾದರೂ ಇರುತ್ತದೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಮೊಳೆಗೆ ನೇತುಹಾಕಿದ್ದ ಯಾರ್‍ಯಾರದೋ ಕಾರಿನ ಬೀಗದಕೈಗಳು, ಕಪಾಟಿನಲ್ಲಿದ್ದ ಹೊಸ ಶೂ, ಎಲ್ಲವೂ ಅಂದು ಬೇರೆಯೇ ಆಗಿ ಕಂಡವು. ಶೂ ಕೊಡಿಸಿದವಳು ತಾನೇ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅದೇ ವಾರ ಇನ್ನೊಂದು ಕಾರಿನ ಗಾಜು ಹೋಯಿತು. ಅದೇ ಹೊಂಗೆ ಮರದ ಕೆಳಗೆ. ಮುಖವೂ ಅದೇ.

ಈ ಸಲ ಗೌಡರು ಅವಳನ್ನು ಕೇಳಲು ಬರದೆ ವಿಡಿಯೋವನ್ನು ನೇರ ಪೊಲೀಸರಿಗೆ ಕೊಟ್ಟರು. ಮಧ್ಯಾಹ್ನ ಪ್ರಯೋಗಾಲಯದಲ್ಲಿದ್ದಾಗ ಅಣ್ಣನ ಫೋನು ಬಂತು. ಹಿಂದೆ ಜನರ ಗದ್ದಲ.

"ವೈಜು, ಅಂಗಡಿಗೆ ಪೊಲೀಸ್ನೋರು ಬಂದಿದಾರೆ ಕಣೆ. ಠಾಣೆಗೆ ನಡಿ ಅಂತಾರೆ. ಏನೋ ವಿಡಿಯೋ ಅಂತೆ, ನಿಮ್ಮ ಕಂಪನಿದೇ ಅಂತೆ. ಗಿರಾಕಿಗಳೆಲ್ಲ ನಿಂತು ನೋಡ್ತಾ ಇದಾರೆ. ನೀನೇ ಒಂದು ಮಾತು ಹೇಳಿಬಿಡು ಇವರಿಗೆ. ನಮ್ಮಣ್ಣ ಅಂಥವನಲ್ಲ ಅಂತ ಹೇಳು, ಸಾಕು. ಕೊಡ್ಲಾ ಫೋನು?"

ವೈಜಯಂತಿ ಹೇಳಬೇಕಾದದ್ದು ಎರಡು ಪದ. ಅವು ಬರಲಿಲ್ಲ.

"ನೋಡ್ತೀನಿ ಅಣ್ಣಾ," ಎಂದಳು.

ಆ ಕಡೆಯಿಂದ ಫೋನು ಕಟ್ಟಾಯಿತು.

ಜೋಸ್ಲಿನ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಳುವುದು ಆಮೇಲೆ. ಆ ಕ್ಯಾಮೆರಾಕ್ಕೆ ನಿಮ್ಮ ಅಣ್ಣನ ಮುಖ ಎಷ್ಟು ಗೊತ್ತುಂಟು, ಅದನ್ನು ಮೊದಲು ನೋಡುವ," ಎಂದಳು.

ಪ್ರತಿ ಬೆಳದಿಂಗಳೂ ತಾನು ಕಲಿತ ಮುಖಗಳನ್ನು ಒಂದು ಕಡೆ ಕೂಡಿಟ್ಟುಕೊಂಡಿರುತ್ತಿತ್ತು. ಅದನ್ನು ಬಿಡಿಸಿ ನೋಡುವ ಸಂದರ್ಭ ಅವರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಗೌಡರ ಕ್ಯಾಮೆರಾದ ನೆನಪನ್ನು ತೆರೆದಾಗ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದರು. ಹಗಲಿನ ಮುಖಗಳು ಬೇಕಾದಷ್ಟು. ಆದರೆ ರಾತ್ರಿಯ ಮುಖಗಳೆಲ್ಲ ಮಸುಕು, ಒಂದನ್ನು ಬಿಟ್ಟು. ಶ್ರೀಕಂಠನ ಮುಖ ರಾತ್ರಿಯಲ್ಲೂ ಹೊಳೆಯುತ್ತಿತ್ತು, ಕೆಳಗಿನಿಂದ ಯಾರೋ ದೀಪ ಹಿಡಿದ ಹಾಗೆ, ಒಂದೊಂದು ಹುಬ್ಬಿನ ಕೂದಲೂ ಸ್ಪಷ್ಟ. ಅಂಥವು ನೂರಾರು ಚಿತ್ರಗಳಿದ್ದವು.

ಜೋಸ್ಲಿನ್ ಒಂದು ಚಿತ್ರವನ್ನು ದೊಡ್ಡದು ಮಾಡಿದಳು. ಶ್ರೀಕಂಠನ ತುಟಿಯಲ್ಲಿ ಸಿಗರೇಟು. ಬೊಗಸೆಯೊಳಗೆ ಉರಿಯುತ್ತಿರುವ ಲೈಟರು.

"ಅಯ್ಯೋ," ಎಂದಳು ವೈಜಯಂತಿ. "ಡಾಕ್ಟರು ಬೇಡ ಅಂದಿದ್ದಾರೆ. ಮುಟ್ಟಿದ್ರೆ ಮನೆಗೆ ಸೇರಿಸಲ್ಲ ಅಂತ ನಾನು ಆಣೆ ಹಾಕಿದ್ದೆ."

ತಂಗಿಯ ಕಣ್ಣಿಗೆ ಬೀಳದ ಜಾಗ ಹುಡುಕಿಕೊಂಡು ಅವನು ಪ್ರತಿ ರಾತ್ರಿ ಎದುರುಸಾಲಿನ ಹೊಂಗೆ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದ. ಅದು ಗೌಡರ ಕ್ಯಾಮೆರಾದ ನೇರ ಎದುರು, ಉಳಿದ ಮನೆಗಳ ಕ್ಯಾಮೆರಾಗಳಿಗೆ ಕೊಂಬೆಗಳ ಮರೆ. ಕತ್ತಲಲ್ಲಿ ಬೆಳಕು ಬಿದ್ದ ಮುಖ ಎಂದರೆ ಆ ಕ್ಯಾಮೆರಾಕ್ಕೆ ಅವನೊಬ್ಬನದೇ.

ಸುಳ್ಳಿನ ಕಾರಣ ತಿಳಿಯಿತು. ಆದರೆ ಅಷ್ಟಕ್ಕೆ ವೈಜಯಂತಿಯ ಅನುಮಾನ ಪೂರ್ತಿ ಹೋಗಲಿಲ್ಲ. ಸಿಗರೇಟು ಸೇದುವವನು ಕಾರು ಒಡೆಯಲಾರ ಎಂದು ಎಲ್ಲಿದೆ? ಜೋಸ್ಲಿನ್ ಪೆನ್ನು ಕಚ್ಚುತ್ತ ಯೋಚಿಸುತ್ತಿದ್ದಳು.

"ನಾವು ಕತ್ತಲೆ ಕೋಣೆಯಲ್ಲಿ ನಡೆಸಿದ್ದು ಯಾರನ್ನು? ನಮ್ಮವರನ್ನೇ. ಕ್ಯಾಮೆರಾಕ್ಕೆ ಎಲ್ಲರೂ ಮೊದಲೇ ಗೊತ್ತಿದ್ದವರು. ಅದು ಇದ್ದವರಲ್ಲಿ ಒಬ್ಬರನ್ನು ಆರಿಸಿತು, ನಾವು ಚಪ್ಪಾಳೆ ತಟ್ಟಿದೆವು. ಗೊತ್ತೇ ಇಲ್ಲದವರು ಎದುರು ಬಂದರೆ ಏನು ಮಾಡ್ತದೆ?"

ವೈಜಯಂತಿ ಅವಳನ್ನೇ ನೋಡಿದಳು. ಅಂಥ ಪರೀಕ್ಷೆ ಮಾಡಿಯೇ ಇರಲಿಲ್ಲ. 'ಯಾರೋ ಗೊತ್ತಿಲ್ಲ' ಎಂದು ಹೇಳುವುದನ್ನು ಅವಳು ಬೆಳದಿಂಗಳಿಗೆ ಕಲಿಸಿರಲಿಲ್ಲ.

"ನಾನು ನಿಮ್ಮ ಬೀದಿಗೆ ಒಂದು ದಿನವೂ ಬಂದಿಲ್ಲ," ಎಂದಳು ಜೋಸ್ಲಿನ್. "ನಿಮ್ಮ ಕಾರನ್ನು ಇವತ್ತು ಆ ಮರದ ಕೆಳಗೆ ನಿಲ್ಲಿಸಿ. ಕಳ್ಳಿ ನಾನಾಗ್ತೇನೆ, ಒಂದು ಗಾಜು ಹೋದರೆ ಹೋಗಲಿ."

ಆ ರಾತ್ರಿ ಶ್ರೀಕಂಠ ಠಾಣೆಯ ಬೆಂಚಿನ ಮೇಲೆ ಇದ್ದ. ಉದಯಶಂಕರ ಊಟ ತೆಗೆದುಕೊಂಡು ಹೋಗಿ, ಮುಟ್ಟದ ಡಬ್ಬಿಯೊಂದಿಗೆ ವಾಪಸು ಬಂದಿದ್ದ. ವೈಜಯಂತಿ ನಿಯಂತ್ರಣ ಕೊಠಡಿಯಲ್ಲಿ ಒಬ್ಬಳೇ ಕೂತು ಗೌಡರ ಕ್ಯಾಮೆರಾದ ಚಿತ್ರ ತೆರೆದಿದ್ದಳು. ತನಗೆ ಏನು ಕಂಡರೆ ನೆಮ್ಮದಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದು ಕಾಣುತ್ತದೆಂಬ ನಂಬಿಕೆ ಇರಲಿಲ್ಲ.

ಮೂಲೆಯಿಂದ ಒಂದು ಆಕೃತಿ ನಡೆದುಬಂತು. ದೊಗಲೆ ಜಾಕೀಟು, ತಲೆ ಮುಚ್ಚಿದ ಟೊಪ್ಪಿಗೆ. ಕಾರಿನ ಪಕ್ಕ ಬಗ್ಗಿತು. ಗಾಜು ಉದುರಿತು. ಆಮೇಲೆ ಅದು ಕ್ಯಾಮೆರಾದ ಕಡೆಗೆ ತಿರುಗಿ ನಿಂತಿತು.

ಮೊದಲು ಟೊಪ್ಪಿಗೆಯೊಳಗೆ ಬರೀ ಕಪ್ಪು. ಬೆಳದಿಂಗಳು ಬೆಳಕಿಗಾಗಿ ತಡಕಾಡುತ್ತಿತ್ತು. ಆಮೇಲೆ ನಿಧಾನವಾಗಿ ಹುಬ್ಬು ಮೂಡಿತು, ದಪ್ಪ ಹುಬ್ಬು. ಮೂಗು ಬಂತು. ಜೋಸ್ಲಿನ್ನಳ ತುಟಿಯ ಮೇಲೆ ಮೀಸೆ ಬಂತು, ತುದಿಯಲ್ಲಿ ನರೆತದ್ದು. ಗದ್ದದ ಎಡಕ್ಕೆ ಗಾಯದ ಗೆರೆ ಎಳೆದು ಮುಗಿಸುವಾಗ ಚಿತ್ರ ಸ್ವಲ್ಪವೂ ಅಲುಗಲಿಲ್ಲ. ಠಾಣೆಯ ಬೆಂಚಿನ ಮೇಲಿದ್ದ ಶ್ರೀಕಂಠ ಹೊಂಗೆ ಮರದ ಕೆಳಗೆ ನಿಂತು ತಂಗಿಯನ್ನೇ ನೋಡುತ್ತಿದ್ದ.

ಫೋನು ರಿಂಗಾಯಿತು. "ಕಂಡೆನಾ?" ಎಂದಳು ಜೋಸ್ಲಿನ್, ಏದುಸಿರು ಬಿಡುತ್ತ.

"ಕಂಡಿತು," ಎಂದಳು ವೈಜಯಂತಿ. "ನೀನಲ್ಲ." ಅಷ್ಟು ಹೇಳಿ ಅವಳು ಅಳತೊಡಗಿದಳು.

ಬೆಳಗ್ಗೆ ಕಂಪನಿಯ ನಿರ್ದೇಶಕ ಭಾರ್ಗವ ಎರಡೂ ವಿಡಿಯೋ ನೋಡಿದ, ಒಂದು ಗೌಡರ ಕ್ಯಾಮೆರಾದ್ದು, ಇನ್ನೊಂದು ಅದಾದ ಮೇಲೆ ಜೋಸ್ಲಿನ್ ಅದೇ ಜಾಕೀಟಿನಲ್ಲಿ ಕಾರಿನ ಪಕ್ಕ ನಿಂತು ಮೊಬೈಲು ದೀಪದಲ್ಲಿ ತಾನೇ ತೆಗೆದುಕೊಂಡದ್ದು. ಅವನಿಗೆ ವಿಷಯ ಅರ್ಥವಾಗಲು ತಡವಾಗಲಿಲ್ಲ.

"ಸರಿಮಾಡೋಣ. ಮುಂದಿನ ಆವೃತ್ತಿಯಲ್ಲಿ ಸರಿಮಾಡಿ ಕಳಿಸಿದ್ರೆ ಆಯ್ತು. ನಿಮ್ಮಣ್ಣನ ವಿಷಯ ನಾನೇ ಮಾತಾಡಿ ಬಿಡಿಸ್ತೀನಿ. ಆದ್ರೆ ಹಳೇದನ್ನೆಲ್ಲ ಕೆದಕೋದು ಬೇಡ. ಎಷ್ಟು ಊರಲ್ಲಿ ಕ್ಯಾಮೆರಾ ಇದೆ ಗೊತ್ತಲ್ಲ."

"ಅದಕ್ಕೇ ಕೆದಕಬೇಕು ಸರ್," ಎಂದಳು ಜೋಸ್ಲಿನ್. "ಹಾಸನದಲ್ಲಿ ನಮ್ಮ ವಿಡಿಯೋ ನಂಬಿ ಹಿಡಿದ ಒಬ್ಬ ವಾಚ್‌ಮನ್ ಜೈಲಲ್ಲಿ ಇದ್ದಾನೆ. ರಾತ್ರಿಯಿಡೀ ಬೀದಿ ಸುತ್ತುವವನು, ಕೈಯಲ್ಲಿ ಟಾರ್ಚು. ಅಲ್ಲಿಯ ಕ್ಯಾಮೆರಾಕ್ಕೆ ಚೆನ್ನಾಗಿ ಗೊತ್ತಿರುವ ಮುಖ ಯಾವುದು ಹೇಳಿ?"

ಭಾರ್ಗವ ವೈಜಯಂತಿಯ ಕಡೆ ತಿರುಗಿದ. "ಯೋಚನೆ ಮಾಡಿ. ಇದು ನೀವೇ ಬರೆದ ಭಾಗ. ಹೊರಗೆ ಬಂದ್ರೆ ಮೊದಲು ಹೋಗೋದು ನಿಮ್ಮ ಹೆಸರು."

"ಹೋಗ್ಲಿ," ಎಂದಳು ವೈಜಯಂತಿ. ಎರಡೂ ವಿಡಿಯೋಗಳನ್ನು ಹಿಡಿದುಕೊಂಡು, ಜೋಸ್ಲಿನ್ ಜೊತೆ ಅಲ್ಲಿಂದ ನೇರ ಠಾಣೆಗೆ ಹೋದಳು.

ಇನ್ಸ್‌ಪೆಕ್ಟರು ವಿಡಿಯೋಗಳನ್ನು ಎರಡೆರಡು ಸಲ ಹಾಕಿಸಿ ನೋಡಿದರು. ಮೀಸೆ ಮೂಡುವ ಜಾಗದಲ್ಲಿ ನಿಲ್ಲಿಸಿ, ಎದುರಿಗೆ ನಿಂತಿದ್ದ ಜೋಸ್ಲಿನ್ನಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಾಗಾದ್ರೆ ಮೇಡಂ, ಈ ಕ್ಯಾಮೆರಾ ನಂಬಿ ಹಿಡಿದಿರೋ ಉಳಿದವರ ಗತಿ?"

"ಅದನ್ನೇ ಹೇಳಿಕೆ ಕೊಡೋಕೆ ಬಂದಿದೀನಿ ಸಾರ್. ಮೊದಲು ನಮ್ಮಣ್ಣನ್ನ ಕಳಿಸಿಕೊಡಿ."

ಶ್ರೀಕಂಠ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಅಂಗಿ ಮುದುಡಿತ್ತು. ಅಣ್ಣ ತಂಗಿ ಇಬ್ಬರೇ ಠಾಣೆಯೆದುರಿನ ಹೋಟೆಲಿನಲ್ಲಿ ಕೂತರು. ಅವಳು ಇಡ್ಲಿ ತರಿಸಿದಳು. ಅವನು ಕಾಫಿ ಮಾತ್ರ ತೆಗೆದುಕೊಂಡ. ಹಿಂದಿನ ರಾತ್ರಿ ನಡೆದದ್ದನ್ನು ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವನು ಅಡ್ಡಬಾಯಿ ಹಾಕದೆ ಕೇಳಿದ.

"ಸಿಗರೇಟಿಗೆ ಸುಳ್ಳು ಹೇಳಿದ್ದು ನನ್ನ ತಪ್ಪು," ಎಂದ. "ನಿನ್ನ ಬಾಯಿಗೆ ಹೆದರಿ ಹೇಳಿದೆ. ಅದಿರಲಿ. ಒಂದು ಕೇಳ್ತೀನಿ, ನಿಜ ಹೇಳು. ಆ ಹುಡುಗಿಗೆ ನನ್ನ ಮೀಸೆ ಬರೋದನ್ನ ನೋಡೋಕೆ ಮುಂಚೆ ನೀನು ಏನು ಅಂದ್ಕೊಂಡಿದ್ದೆ?"

ವೈಜಯಂತಿಗೆ ಸುಳ್ಳು ಹೇಳಬಹುದಿತ್ತು. ಅವನು ನಂಬುತ್ತಲೂ ಇದ್ದ, ಅಥವಾ ನಂಬಿದಂತೆ ಇರುತ್ತಿದ್ದ.

"ನೀನೇ ಇರಬಹುದು ಅಂದ್ಕೊಂಡೆ ಅಣ್ಣಾ," ಎಂದಳು. "ನಿನ್ನ ಚೀಲಾನೂ ತೆಗೆದು ನೋಡಿದೆ."

ಅವನು ಲೋಟದ ತಳದಲ್ಲಿದ್ದ ಕಾಫಿಯನ್ನು ಒಮ್ಮೆ ಅಲುಗಿಸಿದ. "ಪೊಲೀಸ್ನೋರು ಏನೂ ಮಾಡ್ಲಿಲ್ಲ ಕಣೆ. ಮರ್ಯಾದೆಯಾಗೇ ಮಾತಾಡಿಸಿದ್ರು. ನಾನು ಅವರಿಗೆ ಹೇಳ್ತಾನೇ ಇದ್ದೆ, ನನ್ನ ತಂಗಿ ಬರ್ತಾಳೆ, ಬಂದು ಒಂದು ಮಾತು ಹೇಳ್ತಾಳೆ, ಆಮೇಲೆ ನಿಮಗೇ ಗೊತ್ತಾಗುತ್ತೆ ಅಂತ." ಅವನು ಎದ್ದ. "ನೀನು ಬಂದೆ ಬಿಡು. ಬಂದ್ಯಲ್ಲ."

ಸಂಘದ ಸಭೆಯಲ್ಲಿ ವೈಜಯಂತಿ ಎರಡೂ ವಿಡಿಯೋಗಳನ್ನು ಗೋಡೆಯ ಮೇಲೆ ಹಾಕಿ ತೋರಿಸಿದಳು. ಗೌಡರು ಎದ್ದು ನಿಂತು, "ಶ್ರೀಕಂಠಪ್ಪನವರ ಹತ್ರ ನಾನೇ ಹೋಗಿ ಕ್ಷಮೆ ಕೇಳ್ತೀನಿ," ಎಂದರು. ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ನಿಜವಾದ ಕಳ್ಳ ಯಾರು?" ಎಂದು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ಜನ ಅಕ್ಕಪಕ್ಕದವರ ಮುಖ ನೋಡತೊಡಗಿದ್ದರು.

ಕಳ್ಳರು ಸಿಕ್ಕಿದ್ದು ಬಹಳ ದಿನಗಳ ಮೇಲೆ, ಬೇರೆ ಊರಿನಲ್ಲಿ, ಕದ್ದ ಲ್ಯಾಪ್‌ಟಾಪು ಮಾರಲು ಹೋದಾಗ ಅಂಗಡಿಯವನಿಗೆ ಅನುಮಾನ ಬಂದು. ಇಬ್ಬರೂ ಇಪ್ಪತ್ತರ ಆಸುಪಾಸಿನವರು, ಮೀಸೆಯೂ ಸರಿಯಾಗಿ ಬಲಿತಿರಲಿಲ್ಲ. ಅಷ್ಟರಲ್ಲಿ ಹಾಸನದ ವಾಚ್‌ಮನ್ ಬಿಡುಗಡೆಯಾಗಿದ್ದ. ಬೆಳದಿಂಗಳಿನ ನೆನಪನ್ನು ಎಲ್ಲ ಊರುಗಳಲ್ಲೂ ಅಳಿಸಿಹಾಕಬೇಕಾಗಿ ಬಂತು. ಕತ್ತಲಾದರೆ ಅದು ಈಗ ಹಳೆಯ ಕ್ಯಾಮೆರಾಗಳಂತೆ ಬೂದು ಗೊಂಬೆಗಳನ್ನೇ ತೋರಿಸುತ್ತದೆ. ವೈಜಯಂತಿ ಕೆಲಸ ಬಿಟ್ಟಳು, ಅಥವಾ ಬಿಡಿಸಿದರು. ಅದನ್ನು ಯಾರಾದರೂ ಕೇಳಿದರೆ ಅವಳು ಎರಡೂ ನಿಜ ಎನ್ನುತ್ತಾಳೆ.

ಶ್ರೀಕಂಠ ಜಗಳವಾಡಲಿಲ್ಲ. ಅಂಗಡಿಯ ಹಿಂದೆಯೇ ಒಂದು ಕೋಣೆ ಖಾಲಿಯಿದೆ, ಓಡಾಟ ತಪ್ಪುತ್ತದೆ ಎಂದು ಹೇಳಿ ಸಾಮಾನು ಸಾಗಿಸಿದ. ತಂಗಿ ಬೇಡವೆಂದಳು, ಅತ್ತಳು. ಉದಯಶಂಕರನೂ, "ಇರಿ ಭಾವ, ನಮ್ಮದು ತಪ್ಪಾಯ್ತು," ಎಂದು ಕೈ ಹಿಡಿದುಕೊಂಡ. "ದೂರ ಏನು ಹೋಗ್ತಿದೀನಾ? ಭಾನುವಾರ ಊಟಕ್ಕೆ ಇಲ್ಲಿಗೇ ಬರ್ತೀನಿ," ಎಂದ ಶ್ರೀಕಂಠ.

ಹೇಳಿದಂತೆಯೇ ಬಂದ. ವೈಜಯಂತಿ ಬೆಳಗಿನಿಂದ ಅಡುಗೆಮನೆಯಲ್ಲಿದ್ದಳು. ಅಣ್ಣ ಬರುತ್ತಾನೆಂದು ಮುಂಬಾಗಿಲನ್ನು ಹಾಕಿರಲಿಲ್ಲ, ಸುಮ್ಮನೆ ಮುಂದಕ್ಕೆ ಎಳೆದಿದ್ದಳು. ಗೇಟಿನ ಸದ್ದು ಕೇಳಿತು, ಅವನ ಹೆಜ್ಜೆಯೂ ಕೇಳಿತು. ಆಮೇಲೆ ಬೆಲ್ಲಾಯಿತು. ಆ ಮನೆಯಲ್ಲಿ ಶ್ರೀಕಂಠ ಒಂದು ದಿನವೂ ಬೆಲ್ ಒತ್ತಿದವನಲ್ಲ.

"ಬಾ ಅಣ್ಣಾ, ತೆಗೆದೇ ಇದೆ," ಎಂದು ಅವಳು ಒಲೆಯ ಮುಂದಿನಿಂದಲೇ ಕೂಗಿದಳು.

ಬಾಗಿಲು ಅಲುಗಲಿಲ್ಲ. ಅವಳು ಕೈ ಒರೆಸಿಕೊಂಡು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಅವನು ಬಾಳೆಹಣ್ಣಿನ ಕವರು ಹಿಡಿದುಕೊಂಡು, ಚಪ್ಪಲಿ ಬಿಡದೆ, ಹೊಸ್ತಿಲಿನ ಆಚೆಯೇ ನಿಂತಿದ್ದ. ಅವಳು ತನ್ನನ್ನು ನೋಡಿ, ಗುರುತು ಹಿಡಿದು, ಒಳಗೆ ಬಾ ಎನ್ನಲಿ ಎಂದು ಕಾಯುತ್ತಿದ್ದ.